ಎಡ ಅಂಗೈಯ ಪಾಲು

ಹಿಡಿದ ಕೈಯ ಬಿಸಿ ಎಷ್ಟು ಎಂದು ಅಳೆದು, ಹೆಸರು ಸಮೇತ ಪರದೆಯ ಮೇಲೆ ಬರೆದು ತೋರಿಸುವ ಯಂತ್ರವೊಂದು ಮನೆಯೊಳಗೆ ಬಂದರೆ ಆ ಮನೆಯ ಗತಿ ಏನಾದೀತು? ಡಾಕ್ಟರ್ ಇನಾಮದಾರರಿಗೆ ಈ ಪ್ರಶ್ನೆ ಹೊಳೆಯಲೇ ಇಲ್ಲ. ಧಾರವಾಡದ ತಮ್ಮ ಪ್ರಯೋಗಾಲಯದಲ್ಲಿ ಎಂಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು, ಇಸ್ಪೀಟ್ ಎಲೆಯಷ್ಟು ಅಗಲದ ಒಂದೇ ಹಲಗೆಯ ಕಂಪ್ಯೂಟರ್ ಮಾಡಿದ ಮನುಷ್ಯ ಅವರು. ಎದೆಯ ನರಗಳು ಸೋತು, ಉಸಿರಾಡುವುದನ್ನೇ ಮೈ ಮರೆತುಬಿಟ್ಟವರಿಗೆ ಆ ಕಾರ್ಡು ಮಿಡಿತ ಕೊಟ್ಟು ಉಸಿರಾಡಿಸುತ್ತಿತ್ತು. ಅಷ್ಟು ದೊಡ್ಡ ತಲೆಗೆ ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲವಲ್ಲ ಎಂದರೆ, ಹೋಗಲಿ ಬಿಡಿ, ಅವರು ಇಬ್ಬರು ಹೆಂಗಸರಿರುವ ಮನೆಯಲ್ಲಿ ಬೆಳೆದವರಲ್ಲ.

ಕಾರ್ಡು ಒಂದು ಗಳಿಗೆಯೂ ನಿಲ್ಲಬಾರದು. ನಿಂತರೆ ಉಸಿರು ನಿಂತಿತು. ಆದ್ದರಿಂದ ಇನಾಮದಾರರು ಅದಕ್ಕೆ ನಾಲ್ಕು ಕಡೆಯಿಂದ ವಿದ್ಯುತ್ತು ಬರುವಂತೆ ಮಾಡಿದ್ದರು. ಒಂದು, ಮನೆಯ ಕರೆಂಟಿನಿಂದ ತುಂಬಿಕೊಳ್ಳುವ ಬ್ಯಾಟರಿ. ಇನ್ನೊಂದು, ಕಿಟಕಿಯಲ್ಲಿಟ್ಟ ಸೌರಫಲಕ. ಉಳಿದೆರಡು, ರೋಗಿಯ ಎಡ ಅಂಗೈಗೊಂದು, ಬಲ ಅಂಗೈಗೊಂದು ಕಟ್ಟುವ ಪಟ್ಟಿಗಳು. ಯಾರಾದರೂ ಆ ಪಟ್ಟಿಯ ಮೇಲೆ ಕೈಯಿಟ್ಟು ಹಿಡಿದರೆ ಸಾಕು, ದಾರಿ ಕೂಡಿಕೊಂಡು ಹಿಡಿದವರ ಮೈಬಿಸಿಯೇ ವಿದ್ಯುತ್ತಾಗುತ್ತಿತ್ತು; ಕೈ ತೆಗೆದರೆ ದಾರಿ ಕಡಿಯುತ್ತಿತ್ತು. "ಕರೆಂಟ್ ಹೋಗಬಹುದು, ಮೋಡ ಕವೀಬಹುದು, ಬ್ಯಾಟರಿ ಕೈ ಕೊಡಬಹುದು. ಮನ್ಯಾಗ ಮನುಷ್ಯಾರಂತೂ ಇದ್ದs ಇರ್ತಾರಲ್ಲ," ಎನ್ನುತ್ತಿದ್ದರು ಅವರು.

ನಾಲ್ಕರಲ್ಲಿ ಯಾವ ಕಡೆಯ ಒತ್ತಡ ಹೆಚ್ಚೋ ಆ ಕಡೆಯಿಂದ ಕಾರ್ಡು ಎಳೆದುಕೊಳ್ಳುತ್ತಿತ್ತು. ಉಳಿದವು ತೆಪ್ಪಗೆ ಕಾಯಬೇಕು. ಒಂದು ಕಡೆಯ ವಿದ್ಯುತ್ತು ಇನ್ನೊಂದು ಕಡೆಗೆ ನುಗ್ಗದಿರಲಿ ಎಂದು ಪ್ರತಿ ದಾರಿಗೂ ಒಂದೊಂದು ಡಯೋಡ್. ಅದು ಒಳಗೆ ಬಿಡುವ ಬಾಗಿಲು, ಹೊರಗೆ ಬಿಡುವುದಿಲ್ಲ. ಇಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಮನೆಯವರಿಗೆ ಹುರುಪು ಬರಲಿ ಎಂದು, ಇವತ್ತು ಯಾರ ಪಾಲು ಎಷ್ಟು ಎಂಬುದನ್ನು ಪರದೆಯ ಮೇಲೆ ತೋರಿಸುವ ಏರ್ಪಾಡನ್ನೂ ಮಾಡಿಟ್ಟರು. ಹುರುಪು ಬಂತು ನೋಡಿ! ಹುಬ್ಬಳ್ಳಿಯ ಒಂದು ಮನೆಯಲ್ಲಿ ಇಬ್ಬರು ಸೊಸೆಯಂದಿರು ಮಾವನ ಒಂದೊಂದು ಕೈ ಹಿಡಿದು ಮೂರು ದಿನ ಅಡುಗೆಯನ್ನೇ ಮಾಡಲಿಲ್ಲವಂತೆ. ಗದುಗಿನಲ್ಲಿ ಒಬ್ಬ ಅಳಿಯ ತನಗೆ ಜ್ವರ ಬಂದಾಗಲೇ ಓಡಿ ಬಂದು ಅತ್ತೆಯ ಕೈ ಹಿಡಿದು, ಪರದೆಯ ಫೋಟೊ ತೆಗೆಸಿಕೊಂಡು ಹೋದನಂತೆ.

ನೀಲಾಂಬಿಕಾ ಇದನ್ನೆಲ್ಲ ಕೇಳಿ ನಕ್ಕವಳೇ. ಅದೇ ಪ್ರಯೋಗಾಲಯದಲ್ಲಿ ಕಾರ್ಡುಗಳಿಗೆ ಬೆಸುಗೆ ಹಾಕುವ ಕೆಲಸ ಅವಳದು. ಧೂಳು ಕೂರದ, ಸದಾ ತಣ್ಣಗಿಟ್ಟ ಕೋಣೆಯಲ್ಲಿ ಹನ್ನೊಂದು ವರ್ಷ ದುಡಿದ ಕೈ. ಆಮೇಲೆ ಅವಳ ಗಂಡ ಗುರುಪಾದನಿಗೇ ಆ ರೋಗ ಬಡಿಯಿತು. ಬಸ್ ಸ್ಟ್ಯಾಂಡಿನ ಮೈಕಿನಲ್ಲಿ "ಗದಗ, ಕೊಪ್ಪಳ, ಹೊಸಪೇಟೆ ಕಡೆ ಹೋಗುವ ಪ್ರಯಾಣಿಕರೇ" ಎಂದು ಒಂದೇ ಉಸಿರಿಗೆ ಹತ್ತು ಊರು ಕೂಗುತ್ತಿದ್ದವನು ಮಂಚಕ್ಕೆ ಬಿದ್ದ. ಉಸಿರಿಗೆ ಎರಡೇ ಮಾತು ಆಡುವಂತಾದ. ಅವನ ಕಾರ್ಡನ್ನು ನೀಲಾಂಬಿಕಾ ತಾನೇ ಬೆಸೆದಳು, ತಾನೇ ಜೋಡಿಸಿದಳು. ಅವಳ ನಗು ನಿಂತದ್ದು ಗಂಡನ ಅಕ್ಕ ಶಂಕ್ರವ್ವ ಅಣ್ಣಿಗೇರಿಯಿಂದ ಬಂದಿಳಿದ ಮೇಲೆ.

ಶಂಕ್ರವ್ವನದು ದೊಡ್ಡ ಜೀವ, ದೊಡ್ಡ ಬಾಯಿ. ಬಾಯ್ತುಂಬ ಎಲೆ ಅಡಿಕೆ. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಬೆಳಗಿನ ಆರಕ್ಕೆ ಎದ್ದು ಮನೆಗೂ ನೆರೆಯವರಿಗೂ ಆಗುವಷ್ಟು ಜೋಳದ ರೊಟ್ಟಿ ಬಡಿದು, ಹಂಚಿನ ಮುಂದಿನಿಂದ ಎದ್ದವಳೇ ಬಂದು ತಮ್ಮನ ಬಲಗೈ ಹಿಡಿದು ಕೂತರೆ, ಪರದೆಯ ಮೇಲೆ ಅಂಕಿ ಜಿಗಿಯುತ್ತಿತ್ತು. ಅಕ್ಕ: ಅರವತ್ತೆರಡು. ಎಡಗೈ ಪಟ್ಟಿ ನೀಲಾಂಬಿಕಾಳ ಹೆಸರಿನಲ್ಲಿತ್ತು. ಹೆಂಡತಿ: ನಾಲ್ಕು.

ನೂರಕ್ಕೆ ನಾಲ್ಕು! ಸಂಜೆ ಕೆಲಸದಿಂದ ಬಂದು, ಸೀರೆ ಸಹ ಬದಲಿಸದೆ, ಎರಡು ತಾಸು ಕೈ ಹಿಡಿದು ಕೂತದ್ದಕ್ಕೆ ನಾಲ್ಕು.

ಗುರುಪಾದನ ಕುತ್ತಿಗೆಗೆ ಪಟ್ಟಾ ಹಾಕಿತ್ತು, ತಲೆ ಹೊರಳುತ್ತಿರಲಿಲ್ಲ. ಮಲಗಿದಲ್ಲಿಂದ ಅವನಿಗೆ ಕಾಣುತ್ತಿದ್ದುದು ಎರಡೇ, ಮೇಲಿನ ತೊಲೆಗಳು ಮತ್ತು ಎದುರಿಗೆ ತೂಗುಹಾಕಿದ ಆ ಪರದೆ. ಅಂಗೈಗಳಲ್ಲಿ ಸ್ಪರ್ಶ ಸತ್ತಿತ್ತು. ಯಾರು ಕೈ ಹಿಡಿದರು ಎಂದು ಅವನು ಓದಿಯೇ ತಿಳಿಯಬೇಕು. ನಿದ್ದೆಯಲ್ಲಿ ಬೆಚ್ಚಿ ಎದ್ದಾಗ ಕಣ್ಣು ಸೀದಾ ಪರದೆಗೆ ಹೋಗುತ್ತಿತ್ತು. ಹೆದರಿದರೆ ಕಾರ್ಡು ಜೋರಾಗಿ ಮಿಡಿಯಬೇಕು, ವಿದ್ಯುತ್ತು ಎರಡು ಪಟ್ಟು ಖರ್ಚು. ಅಂಥ ಹೊತ್ತಿನಲ್ಲಿ ಅವನು "ಅಕ್ಕ... ಅದಾಳ," ಎಂದು ಓದಿಕೊಂಡ ಕೂಡಲೇ ಪರದೆಯಲ್ಲಿ ಓಡುವ ಮಿಡಿತದ ಗೆರೆ ಹದಕ್ಕೆ ಬರುತ್ತಿತ್ತು.

ಅದನ್ನು ನೋಡಿದಾಗಲೆಲ್ಲ ನೀಲಾಂಬಿಕಾಳ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ಹದಿನಾಲ್ಕು ವರ್ಷ ಸಂಸಾರ ಮಾಡಿದವಳು ನಾನು, ಈ ಕಾರ್ಡಿನ ಒಂದೊಂದು ಬೆಸುಗೆ ನನ್ನದು, ಈತನ ಜೀವ ನಿಂತಿರುವುದು ನಾನು ಮಾಡಿದ ಹಲಗೆಯ ಮೇಲೆ. ಆದರೆ ಹೆಸರು ಯಾರದು? ರೊಟ್ಟಿ ಬಡಿದು ಬಂದವಳದು.

ಕೈ ಬೆಚ್ಚಗೆ ಮಾಡಿಕೊಳ್ಳಲು ಅವಳು ಪಡದ ಪಾಡಿಲ್ಲ. ಬಿಸಿನೀರಲ್ಲಿ ಅದ್ದಿದಳು. ಮಂಚದ ತನಕ ಬರುವಷ್ಟರಲ್ಲಿ ಆರಿತು. ಬೆಳ್ಳುಳ್ಳಿ ಎಣ್ಣೆ ತಿಕ್ಕಿದಳು. ಮನೆಯೆಲ್ಲ ನಾತ, ಅಂಕಿ ಮಾತ್ರ ಐದು. ಕಡೆಗೆ ಒಂದು ಭಾನುವಾರ "ಇವತ್ತ ನೀವು ಕುಂದರ್ರಿ ಅಕ್ಕಾರ, ರೊಟ್ಟಿ ನಾ ಮಾಡ್ತೇನಿ," ಎಂದು ತಾನೇ ಹಂಚಿನ ಮುಂದೆ ಕೂತಳು. ಬೆಸುಗೆಯ ಸಣ್ಣ ಕಡ್ಡಿ ಹಿಡಿದು ರೂಢಿಯಾದ ಬೆರಳು. ಮೊದಲನೆಯ ರೊಟ್ಟಿ ಹರಿಯಿತು, ಎರಡನೆಯದು ಕೂಡ ಹರಿಯಿತು, ಮೂರನೆಯದನ್ನು ತಿರುವಿ ಹಾಕುವಾಗ ಬೆರಳು ಸುಟ್ಟು ಗುಳ್ಳೆಯೆದ್ದಿತು.

"ಅಯ್ಯ ಯವ್ವಾ, ಬಿಡs," ಎಂದು ಶಂಕ್ರವ್ವ ಬಂದು ಅವಳ ಕೈ ಹಿಡಿದು ನೋಡಿದಳು. "ಎಷ್ಟ ತಣ್ಣಗ ಅದಾವ ಈ ಕೈ! ಹುಟ್ಟಿದಾಗಿಂದನೂ ಹಿಂಗs ಏನವಾ ನೀಲಾ?"

ಅವಳು ಕೇಳಿದ್ದು ಅಂತಃಕರಣದಿಂದಲೇ. ನೀಲಾಂಬಿಕಾಳಿಗೆ ಅದು ಬೆಂಕಿಗೆ ತುಪ್ಪ ಸುರಿದಂತಾಯಿತು.

ಮರುದಿನ ಪ್ರಯೋಗಾಲಯದಲ್ಲಿ ಅವಳು ಇನಾಮದಾರರ ಮೇಜಿನ ಹತ್ತಿರ ನಿಂತು, ಬೇರೆ ಏನನ್ನೋ ಕೇಳುವವಳಂತೆ ಕೇಳಿದಳು. "ಸರ್, ಕೈ ಸ್ವಲ್ಪ ತಣ್ಣಗ ಇದ್ದವರ ಪಾಲು ಭಾಳ ಕಡಿಮಿ ಬರತೈತಲ್ರಿ, ಯಾಕ?"

"ಡಯೋಡ್ ನೋಡ್ರಿ," ಎಂದರು ಇನಾಮದಾರರು ಕನ್ನಡಕದ ಮೇಲಿಂದ. "ಬಾಗಿಲ ಕಾಯೋ ಆಳಿಗೂ ಸ್ವಲ್ಪ ಕೂಲಿ ಕೊಡಬೇಕಲ್ಲ? ಒಂದಿಷ್ಟು ಒತ್ತಡ ಅದs ತಿಂದ ಬಿಡತೈತಿ. ಬಿಸಿ ಕೈಗೆ ಅದರ ಲೆಕ್ಕ ಇಲ್ಲ. ತಣ್ಣನ ಕೈಗೆ ಅದs ಪೆಟ್ಟು. ಕೂದಲೆಳಿಯಷ್ಟು ಅಂತರದಾಗ ಸೋಲ್ತಾರ."

ಕೂದಲೆಳೆಯಷ್ಟು! ಆ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು. ಹಾಗಾದರೆ ನನ್ನ ಕೈಯಲ್ಲಿ ಕೊರತೆಯಿಲ್ಲ, ನನ್ನದನ್ನು ಆ ಹಾಳು ಡಯೋಡ್ ತಿನ್ನುತ್ತಿದೆ.

ತಿಂಗಳಿಗೊಮ್ಮೆ ಕಾರ್ಡನ್ನು ತಪಾಸಣೆಗೆ ತರುವ ಪದ್ಧತಿ ಇತ್ತು. ಆ ಹೊತ್ತು ರೋಗಿಗೆ ಬದಲಿ ಕಾರ್ಡು ಹಾಕಿರುತ್ತಿದ್ದರು. ಆ ಶುಕ್ರವಾರ ನೀಲಾಂಬಿಕಾ ಗುರುಪಾದನ ಕಾರ್ಡನ್ನು ತನ್ನ ಮೇಜಿನ ಮೇಲೆ ಇಟ್ಟು, ದೀಪ ಬಗ್ಗಿಸಿ, ಎಡಪಟ್ಟಿಯ ಡಯೋಡಿನ ಆಚೆ ಈಚೆಗೆ ಕೂದಲಿನಷ್ಟು ತೆಳ್ಳಗಿನ ಒಂದು ತಂತಿ ಇಟ್ಟು ಬೆಸೆದಳು. ಇನ್ನು ಡಯೋಡ್ ಇದ್ದೂ ಇಲ್ಲದ ಹಾಗೆ. ಆಮೇಲೆ ಎಡಪಟ್ಟಿಯೊಂದನ್ನೇ ಜೋಡಿಸಿ ತನ್ನ ಕೈಯಿಟ್ಟು ನೋಡಿದಳು. ಕಾರ್ಡು ಎದ್ದಿತು, ಮಿಡಿಯಿತು. ಉಳಿದ ಮೂರನ್ನು ಕೂಡ ಜೋಡಿಸಿ ನೋಡಬೇಕೆಂಬುದು ಅಲ್ಲಿ ಕಲಿಯಲು ಬಂದ ಹುಡುಗಿಯರಿಗೂ ಗೊತ್ತು. ಇವಳೇ ಅವರಿಗೆ ಹೇಳಿಕೊಟ್ಟದ್ದು. ಆದರೆ ಆ ಹೊತ್ತು ಅವಳಿಗೆ ಉಳಿದ ಮೂರು ಬೇಕಾಗಿಯೇ ಇರಲಿಲ್ಲ. ನನ್ನ ಕೈಯೊಂದೇ ಅವನನ್ನು ಉಸಿರಾಡಿಸುತ್ತದೆ ಎಂಬುದನ್ನು ಕಣ್ಣಾರೆ ಕಂಡಳು, ಅಷ್ಟು ಸಾಕಾಯಿತು. ಹೊಟ್ಟೆಕಿಚ್ಚು ಹೊಟ್ಟೆಯಲ್ಲೇ ಇರುತ್ತದೆ ಎನ್ನುವವರಿಗೆ ಏನು ಗೊತ್ತು, ಅದು ಮೊದಲು ಏರುವುದು ತಲೆಗೆ.

ಸಂಜೆ ಇನಾಮದಾರರು ಬಾಗಿಲಲ್ಲಿ ನಿಂತು "ನೀಲಾಂಬಿಕಾ, ಎಲ್ಲಾ ಸರಿ ಐತೇನು?" ಎಂದು ದಿನದಂತೆ ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವಳು ಚೀಲದ ಮೇಲೆ ಕೈಯಿಟ್ಟುಕೊಂಡು, "ಸರಿ ಐತ್ರಿ ಸರ್," ಎಂದಳು.

ಮನೆಯಲ್ಲಿ ಆ ಸಂಜೆಯೇ ಪವಾಡ ನಡೆಯಿತು. ಶಂಕ್ರವ್ವ ಬಲಗೈ ಹಿಡಿದಿದ್ದಳು, ನೀಲಾಂಬಿಕಾ ಎಡಗೈ ಹಿಡಿದಳು. ಪರದೆ ಒಮ್ಮೆ ಮಿನುಗಿ ಬರೆಯಿತು. ಹೆಂಡತಿ: ನೂರು. ಅಕ್ಕ: ಸೊನ್ನೆ. ಯಾವ ಬಾಗಿಲು ಅಗಲವಾಗಿ ತೆರೆದಿದೆ ಎಂದಷ್ಟೇ ನೋಡಿ ಹೆಸರು ಬರೆಯುವ ಕಾರ್ಡು ಅದು. ಆ ಬಾಗಿಲಲ್ಲಿ ಬಂದವರೆಷ್ಟು, ಹೋದವರೆಷ್ಟು ಎಂದು ಅದು ಕೇಳುತ್ತಿರಲಿಲ್ಲ.

ಇನ್ನೂ ಒಂದು ಸೋಜಿಗ. ಅವಳ ಅಂಗೈ ಬೆಚ್ಚಗಾಗತೊಡಗಿತು. ಹಿಡಿದಷ್ಟೂ ಬೆಚ್ಚಗೆ, ಬಿಟ್ಟರೆ ತಣ್ಣಗೆ. ಜನ್ಮದಲ್ಲಿ ಆಗದ ಬಿಸಿ. ನನಗೂ ಬಂತು, ನನ್ನ ಕೈಗೂ ಬಂತು ಎಂದು ಅವಳಿಗೆ ಕುಣಿಯುವಂತಾಯಿತು.

"ಇವತ್ತ... ಪೂರಾ ನೀನs," ಎಂದ ಗುರುಪಾದ ಪರದೆ ಓದಿ. ಅವನ ಮುಖದಲ್ಲಿ ನಗು ಇತ್ತು. ಹದಿನಾಲ್ಕು ವರ್ಷದಲ್ಲಿ ಅವನು ಕೊಟ್ಟ ಸೀರೆ, ಬಳೆ ಯಾವುದೂ ಅವಳಿಗೆ ಅಷ್ಟು ಹಿಗ್ಗು ಕೊಟ್ಟಿರಲಿಲ್ಲ.

ನಾಲ್ಕು ದಿನ ಸೊನ್ನೆ ನೋಡಿದ ಶಂಕ್ರವ್ವ ಐದನೆಯ ದಿನ ಚೀಲ ಕಟ್ಟಿದಳು. ಸಿಟ್ಟಿಲ್ಲ, ಸೆಡವಿಲ್ಲ. ಎಲೆ ಅಡಿಕೆಯ ಚಂಚಿ ಸೊಂಟಕ್ಕೆ ಸಿಕ್ಕಿಸುತ್ತ, "ನನ್ನ ಕೈಯಾಗಿನ ಬಿಸಿ ಆರೇತಿ ಕಾಣತೈತವಾ. ವಯಸ್ಸಾತಲ್ಲ. ಇನ್ನ ನೀ ಅದೀಯಲ್ಲ, ತಮ್ಮನ್ನ ನೋಡ್ಕೋ," ಎಂದಳು. ಒಂದು ಗಳಿಗೆ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ನೀಲಾಂಬಿಕಾ "ಇರ್ರಿ ಅಕ್ಕಾರ" ಎನ್ನಲಿಲ್ಲ. ಬಸ್ಸಿನ ತನಕ ಚೀಲ ಹೊತ್ತುಕೊಂಡು ಹೋಗಿ, ಕಿಟಕಿ ಬದಿಯ ಸೀಟು ಹಿಡಿದು ಕೊಟ್ಟು ಬಂದಳು.

ಅದಾದ ಮೇಲಿನ ಮಂಗಳವಾರ ತಂತಿ ರಿಪೇರಿ ಎಂದು ಬೆಳಿಗ್ಗೆ ಒಂಬತ್ತರಿಂದ ನಾಲ್ಕರ ತನಕ ಕರೆಂಟು ತೆಗೆದರು. ಹೊರಗೆ ಆಷಾಢದ ಗಾಳಿ, ಕಪ್ಪು ಮೋಡ. ಸೌರಫಲಕಕ್ಕೆ ಕೆಲಸವಿಲ್ಲ. ನೀಲಾಂಬಿಕಾ ಹೆದರಲಿಲ್ಲ. ಬ್ಯಾಟರಿ ಹತ್ತು ತಾಸು ಬರುತ್ತದೆ, ಜೊತೆಗೆ ತನ್ನ ಕೈ ಇದೆ. ರಜೆ ಹಾಕಿ, ಮಂಚದ ಬದಿಗೆ ಕುರ್ಚಿ ಎಳೆದುಕೊಂಡು, ಎಡಗೈ ಹಿಡಿದು ಕೂತಳು. ಮನೆಯಲ್ಲಿ ಇಬ್ಬರೇ. ಪರದೆಯ ಮೇಲೆ ತನ್ನೊಬ್ಬಳದೇ ಹೆಸರು. ಬೇಕಾದದ್ದು ಇದೇ ತಾನೇ? ಅಂಗೈ ಹಿತವಾಗಿ ಬಿಸಿಯಾಗಿತ್ತು.

ಹನ್ನೆರಡೂವರೆಗೆ ಕಾರ್ಡು ಕೂಗಿತು. ಬ್ಯಾಟರಿ ನೂರಕ್ಕೆ ಒಂಬತ್ತು.

ಅವಳಿಗೆ ನಂಬಿಕೆ ಬರಲಿಲ್ಲ. ಮೂರೂವರೆ ತಾಸಿನಲ್ಲಿ ಒಂಬತ್ತಕ್ಕೆ? ಇನ್ನೂ ಗಟ್ಟಿಯಾಗಿ ಹಿಡಿದಳು. ಕೈ ಇನ್ನಷ್ಟು ಬೆಚ್ಚಗಾಯಿತು. ಎಂಟು. ಎರಡೂ ಕೈ ಸೇರಿಸಿ ಒತ್ತಿದಳು. ಏಳು. ಗುರುಪಾದನ ಕಣ್ಣು ಅಗಲವಾದವು. ಮಿಡಿತದ ಗೆರೆ ಎತ್ತರಕ್ಕೆ ಜಿಗಿಯತೊಡಗಿತು.

"ನೀಲಾ... ಏನದು?"

"ಏನಿಲ್ರಿ, ಏನಿಲ್ಲ," ಎನ್ನುತ್ತ ಅವಳು ಮೊಬೈಲನ್ನು ಕಿವಿ ಮತ್ತು ಹೆಗಲಿನ ನಡುವೆ ಸಿಕ್ಕಿಸಿ ಪ್ರಯೋಗಾಲಯಕ್ಕೆ ಹಚ್ಚಿದಳು. ಅಲ್ಲಿನ ನಿಯಂತ್ರಣ ಕೋಣೆಯಲ್ಲಿ ಎಲ್ಲ ರೋಗಿಗಳ ಗೆರೆಗಳೂ ಗೋಡೆಯ ಮೇಲೆ ಓಡುತ್ತಿರುತ್ತವೆ. ಇನಾಮದಾರರು ಆಗಲೇ ಅವಳ ಮನೆಯ ಗೆರೆಯ ಮುಂದೆ ನಿಂತಿದ್ದರು.

"ಹೊಸಾ ಬ್ಯಾಟರಿ ತಗೊಂಡು ಗಾಡಿ ಹೊಂಟೈತಿ, ನೀಲಾಂಬಿಕಾ. ಇಪ್ಪತ್ತೈದು ಮಿನಿಟ್ ಬೇಕು. ಆದ್ರ ಒಂದ ಮಾತು ನನಗ ತಿಳಿವಲ್ದು. ವಾರದ ಗೆರೀ ತಗದ ನೋಡೇನಿ. ನೀವು ಎಡಗೈ ಹಿಡದಾಗೊಮ್ಮೆ ಬ್ಯಾಟರಿ ದಡಾ ದಡಾ ಇಳಿತೈತಿ. ಬಿಟ್ಟ ಕೂಡ್ಲೇ ನಿಲ್ಲತೈತಿ. ರಾತ್ರಿ ಕರೆಂಟಿನ್ಯಾಗ ಮತ್ತ ತುಂಬ್ಕೋತಿತ್ತು, ಹಿಂಗಾಗಿ ಯಾರಿಗೂ ಗೊತ್ತಾಗಿಲ್ಲ. ಎಡಕಿನ ಡಯೋಡ್ ಏನರ..."

ಮುಂದಿನದು ಅವಳ ಕಿವಿಗೆ ಬೀಳಲಿಲ್ಲ. ಬೀಳಬೇಕಾಗಿಯೂ ಇರಲಿಲ್ಲ. ಬಿಸಿ ಕೊಟ್ಟರೆ ವಿದ್ಯುತ್ತು ಕೊಡುವ ಪಟ್ಟಿ, ವಿದ್ಯುತ್ತು ಕೊಟ್ಟರೆ ಬಿಸಿ ಕೊಡುತ್ತದೆ. ಇದು ಅವಳಿಗೆ ಗೊತ್ತಿಲ್ಲದ ವಿದ್ಯೆಯೇ? ಬಾಗಿಲ ಕಾಯುವವನನ್ನು ತಾನೇ ತೆಗೆದಿದ್ದಳು. ತನ್ನ ತಣ್ಣನೆಯ ಕೈಯಿಂದ ಒಳಗೆ ಹೋದದ್ದು ಏನೂ ಇಲ್ಲ. ಬ್ಯಾಟರಿಯಲ್ಲಿದ್ದ ಅವನ ಉಸಿರು ಆ ಬಾಗಿಲಿನಿಂದ ಹೊರಗೆ ಹರಿದು ಬಂದು ಇವಳ ಅಂಗೈ ಕಾಯಿಸಿತ್ತು. ಶಂಕ್ರವ್ವ ಬಲಗೈ ಹಿಡಿದಿದ್ದ ಆ ನಾಲ್ಕು ದಿನ ಆ ಮುದುಕಿಯ ಬಿಸಿಯೂ ತಮ್ಮನನ್ನು ದಾಟಿ ಇವಳ ಕೈಗೇ ಬಂದಿತ್ತು. ಗೆದ್ದೆ ಎಂದು ಕುಣಿದದ್ದು ಆ ಬಿಸಿಯನ್ನು ಹಿಡಿದುಕೊಂಡೇ.

"ಸರ್, ತಪ್ಪು ನಂದು. ತಂತಿ ನಾನs ಬೆಸದೇನಿ," ಎಂದಳು. "ಅದನ್ನ ಆಮ್ಯಾಲೆ ನೋಡೂಣು. ಮದ್ಲ ಕೈ ತಗೀರಿ," ಎಂದರು ಇನಾಮದಾರರು.

ಅವಳು ಅವನ ಎಡಗೈ ಬಿಟ್ಟಳು.

ಐದರಲ್ಲಿ ಅಂಕಿ ನಿಂತಿತು. ಆದರೆ ಪರದೆಯಿಂದ ಅವಳ ಹೆಸರು ಅಳಿಸಿ ಹೋಗಿ, ಅಲ್ಲಿ ಯಾರೂ ಇಲ್ಲದಂತಾಯಿತು. ಅದನ್ನು ನೋಡಿ ಗುರುಪಾದ ಇನ್ನಷ್ಟು ಹೆದರಿದ. "ಯಾರೂ... ಇಲ್ಲ... ಯಾರೂ..." ಮಿಡಿತ ಎರಡು ಪಟ್ಟು. ನಾಲ್ಕು. ಈ ಲೆಕ್ಕದಲ್ಲಿ ಇಪ್ಪತ್ತೈದು ಮಿನಿಟು ಎಲ್ಲಿಯದು, ಹತ್ತು ಬಂದರೆ ಹೆಚ್ಚು.

ಬಲಪಟ್ಟಿ ಇತ್ತು. ಅದರ ಡಯೋಡ್ ನೆಟ್ಟಗಿತ್ತು. ಅದಕ್ಕೆ ಬಿಸಿ ಬೇಕು, ತನ್ನ ಕೈಯಲ್ಲಿ ಅದಿಲ್ಲ. ಅವಳು ಅಡುಗೆಮನೆಗೆ ಓಡಿ ಗ್ಯಾಸ್ ಹಚ್ಚಿ ಪಾತ್ರೆಯಲ್ಲಿ ನೀರಿಟ್ಟಳು. ಕುದಿ ಬರುವ ತನಕ ನಿಲ್ಲುವ ತಾಳ್ಮೆ ಎಲ್ಲಿ? ಕೈ ಸುಡುವಷ್ಟಾದ ಕೂಡಲೇ ಸ್ಟೀಲಿನ ತಂಬಿಗೆಗೆ ಬಗ್ಗಿಸಿ, ಸೆರಗಿನಲ್ಲಿ ಹಿಡಿದು ಓಡಿ ಬಂದು, ಅವನ ಬಲ ಅಂಗೈಯ ಪಟ್ಟಿಗೆ ಒತ್ತಿದಳು.

ಪರದೆ ಮಿನುಗಿತು. ಬಲಪಟ್ಟಿ ಯಾರ ಹೆಸರಿನಲ್ಲಿತ್ತೋ ಆ ಹೆಸರೇ ಬಂತು. ಅಕ್ಕ: ನೂರು.

ಬ್ಯಾಟರಿ ಮೂರಕ್ಕೆ ಬಂದು ನಿಂತಿತು. ಮಿಡಿತ ಮಾತ್ರ ಇನ್ನೂ ಜಿಗಿಯುತ್ತಿತ್ತು. ಹೀಗೇ ಜಿಗಿದರೆ ಈ ತಂಬಿಗೆ ಸಾಲದು.

ಗುರುಪಾದ ಪರದೆಯನ್ನೇ ನೋಡುತ್ತಿದ್ದ. "ಅಕ್ಕ... ಬಂದಾಳೇನು?"

ನೀಲಾಂಬಿಕಾಳ ನಾಲಿಗೆಯ ತುದಿಗೆ ಮಾತು ಬಂತು. ನಾನು, ಇದು ನಾನು, ನಿಮ್ಮನ್ನು ಹಿಡಿದಿರುವವಳು ನಾನು. ಮಾಡಿದ ಪಾಪ ಹಾಗಿರಲಿ, ಈಗ ಹಿಡಿದದ್ದಂತೂ ನಿಜ. ಒಂದು ಮಾತು ಹೇಳಿದರೆ ಆ ಹೆಸರು ಸುಳ್ಳಾಗುತ್ತದೆ. ಅವಳು ಮಿಡಿತದ ಗೆರೆಯತ್ತ ನೋಡಿದಳು.

"ಹೂನ್ರಿ," ಎಂದಳು. "ಈಗ ಬಂದ್ರು. ನಿಮ್ಮ ಕೈ ಹಿಡಕೊಂಡs ಕುಂತಾರ."

"ಮತ್ತ... ಮಾತಾಡವಲ್ಲಳು?"

"ಬಾಯಾಗ ಎಲಿ ಐತ್ರಿ."

ಅವನು ನಕ್ಕ. ಎಷ್ಟೋ ಹೊತ್ತಿನ ಮೇಲೆ ಮೈ ಸಡಿಲಾಯಿತು. "ಅಕ್ಕ ಇದ್ರ... ಅಂಜಿಕಿಲ್ಲ," ಎಂದ. ಗೆರೆ ಇಳಿಯಿತು, ಇನ್ನೂ ಇಳಿಯಿತು, ಹದಕ್ಕೆ ಬಂತು. ಮೂರು ಮೂರಾಗಿಯೇ ಉಳಿಯಿತು.

ನೀಲಾಂಬಿಕಾಳ ಹೊಟ್ಟೆ ಮೊದಲಿಗಿಂತ ಹತ್ತು ಪಟ್ಟು ಉರಿಯಿತು. ಇಷ್ಟಾದರೂ, ಸಾವು ಬಾಗಿಲಲ್ಲಿ ನಿಂತಾಗಲೂ, ಅವನ ಅಂಜಿಕೆ ಹೋದದ್ದು ಆ ಹೆಸರಿಗೆ. ಉರಿದುಕೊಂಡೇ ಅವಳು ಎರಡನೆಯ ತಂಬಿಗೆ ತಂದಳು, ಮೂರನೆಯದನ್ನೂ ತಂದಳು. ಸೆರಗು ತೊಯ್ದು ಬೆರಳು ಕೆಂಪಾದವು. ತಂಬಿಗೆ ಜಾರದಿರಲಿ ಎಂದು ಅವನ ಬೆರಳುಗಳನ್ನು ಅದರ ಸುತ್ತ ಮಡಚಿ, ಮೇಲಿಂದ ತಾನು ಹಿಡಿದು ನೆಲದ ಮೇಲೆ ಕೂತಳು. ದೂರದ ತಿರುವಿನಲ್ಲಿ ಗಾಡಿಯ ಹಾರ್ನ್ ಕೇಳಿಸಿತು.

"ನೀಲಾ," ಎಂದ ಗುರುಪಾದ, ಕಣ್ಣು ಮುಚ್ಚಿಕೊಂಡೇ. "ನೀ... ಎಲ್ಲಿದ್ದಿ?"

ಧ್ವನಿ ಹತ್ತಿರದಿಂದ ಬರಬಾರದೆಂದು ಅವಳು ಮುಖವನ್ನು ಅಡುಗೆಮನೆಯ ಬಾಗಿಲ ಕಡೆ ತಿರುಗಿಸಿದಳು.

"ಇಲ್ಲೇ ಅದೇನ್ರಿ, ಒಳಗ, ಅಡಗಿಮನ್ಯಾಗ," ಎಂದಳು, ಅವನ ಬಲಗೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡು.